ಹೆಡ್‌ಮಾಸ್ಟರರ ಕಾಲೊರಸು

ಆ ಶಾಲೆಯ ಹೆಡ್‌ಮಾಸ್ಟರರು ದೀಪದ ಸ್ವಿಚ್ಚನ್ನು ಬರಿಗೈಯಿಂದ ಮುಟ್ಟಿದ್ದನ್ನು ಕಂಡವರಿಲ್ಲ. ಮಡಿಸಿದ ಕೊಡೆಯ ಮರದ ಹಿಡಿಯನ್ನು ಮುಂದೆ ಚಾಚಿ, ಮುಖವನ್ನು ತುಸು ಆಚೆ ತಿರುಗಿಸಿ, ಮಲಗಿದ ನಾಯಿಯನ್ನು ಎಬ್ಬಿಸುವವರಂತೆ ಒತ್ತುತ್ತಿದ್ದರು. ದೀಪ ಹತ್ತಿಕೊಂಡ ಮೇಲೂ ಕೆಲಹೊತ್ತು ಅದನ್ನು ಅನುಮಾನದಿಂದಲೇ ನೋಡುತ್ತಿದ್ದರು. ಉರಿಬಿಸಿಲಿನಲ್ಲಿಯೂ ಅವರ ಕಂಕುಳಲ್ಲಿ ಕೊಡೆ ಇರುತ್ತಿದ್ದುದಕ್ಕೆ ಕಾರಣ ಇಷ್ಟೇ. ಹೊರಗಿನವರು ಮಾತ್ರ ಅವರನ್ನು ಮುಂದಾಲೋಚನೆಯ ಮನುಷ್ಯರೆಂದು ಹೊಗಳುತ್ತಿದ್ದರು. ಶಾಲೆಗೆ ಒಂದು ಕಾಲಕ್ಕೆ ವಿದ್ಯುತ್ ಗಂಟೆಯಿತ್ತು. ಇವರು ಬಂದ ವರ್ಷವೇ ಅದನ್ನು ಕಳಚಿಸಿ, ಆಯಮ್ಮನ ಕೈಗೆ ಒಂದು ಹಿತ್ತಾಳೆಯ ಗಂಟೆ ಕೊಟ್ಟಿದ್ದರು.

“ಕಣ್ಣಿಗೆ ಕಾಣದೆ ಕಚ್ಚೋದು ಎರಡೇ,” ಎನ್ನುತ್ತಿದ್ದರು. “ಒಂದು ಕರೆಂಟು, ಇನ್ನೊಂದು ನೆಂಟರ ಮಾತು.”

ಹೀಗೆನ್ನುವವರ ಶಾಲೆಗೆ ನಾಲ್ಕನೆಯ ತರಗತಿಯ ಟೀಚರಾಗಿ ಬಂದವಳು ಅವರ ಒಡಹುಟ್ಟಿದ ತಂಗಿಯ ಮಗಳೇ. ಮನೆಯಲ್ಲಿ ಮಾವ, ಶಾಲೆಯಲ್ಲಿ ಸರ್. ಈ ಗೆರೆಯನ್ನು ಎಳೆದವಳು ಅವಳು. ಗೇಟಿನ ಹೊರಗೆ ಸಂಬಂಧವನ್ನು ಚಪ್ಪಲಿಯಂತೆ ಕಳಚಿಟ್ಟು ಒಳಗೆ ಬರುತ್ತಿದ್ದಳು, ಸಂಜೆ ಹೋಗುವಾಗ ಮತ್ತೆ ಮೆಟ್ಟಿಕೊಳ್ಳುತ್ತಿದ್ದಳು. ಒಮ್ಮೆಯೂ ಮರೆತು ಒಳಗೆ “ಮಾವ” ಎಂದವಳಲ್ಲ. ಹೆಡ್‌ಮಾಸ್ಟರರಿಗೆ ಇದು ಹೆಮ್ಮೆಯ ಸಂಗತಿ. ಒಳಗೊಳಗೆ ಸ್ವಲ್ಪ ಬೇಸರದ್ದೂ ಹೌದು.

ವಿದ್ಯುತ್ತಿನ ಪಾಠ ಬಂದಾಗ ಅವಳು ಸೀಮೆಸುಣ್ಣವನ್ನು ಕೆಳಗಿಟ್ಟಳು. ಕಪ್ಪುಹಲಗೆಯ ಮೇಲೆ ಬರೆದ ಬಲ್ಬು ಯಾವ ಕಾಲಕ್ಕೂ ಉರಿಯುವುದಿಲ್ಲ ಎಂಬುದು ಅವಳ ವಾದ. ಮಕ್ಕಳ ಕೈಗೇ ಸೆಲ್ಲು, ವೈರು, ಬಲ್ಬು ಕೊಡಬೇಕು. ಅದಕ್ಕೊಂದು ಕತ್ತಲೆಯ ಜಾಗ ಬೇಕು. ಅಂಥ ಜಾಗ ಶಾಲೆಯಲ್ಲಿ ಇದ್ದದ್ದು ಒಂದೇ. ಪಡಸಾಲೆಯ ಒಂದು ತುದಿಗೆ ಹೆಡ್‌ಮಾಸ್ಟರರ ಕೋಣೆಯಾದರೆ ಇನ್ನೊಂದು ತುದಿಗೆ ಹಳೆಯ ಸಾಮಾನಿನ ಕೋಣೆ. ಅಲ್ಲಿ ಕಾಲು ಮುರಿದ ಬೆಂಚುಗಳು, ಕಳಚಿದ ಗಂಟೆಯ ಜೊತೆಗೆ ಗೋಡೆಯಿಂದ ಕಿತ್ತ ತೆಳುವೈರಿನ ದೊಡ್ಡ ಸುರುಳಿ, ಮತ್ತು ಉತ್ತರ ಧ್ರುವ ಇರಬೇಕಾದ ಕಡೆ ತೂತು ಬಿದ್ದ ಪ್ಲಾಸ್ಟಿಕ್ಕಿನ ಭೂಗೋಳ. ಕಿಟಕಿ ಪುಟ್ಟದು. ನಡುಮಧ್ಯಾಹ್ನವೂ ಅಲ್ಲಿ ಸಂಜೆಯ ಬಣ್ಣ.

ಹೆಡ್‌ಮಾಸ್ಟರರು ಬಹಳ ಹೊತ್ತು ಕೊಡೆಯ ಹಿಡಿಯನ್ನು ಸವರುತ್ತ ಕೂತರು. ಟಾರ್ಚಿನ ಸೆಲ್ಲು ಇರುವೆಯಷ್ಟೂ ಕಚ್ಚುವುದಿಲ್ಲವೆಂದು ಅವಳು ಆಣೆಯಿಟ್ಟ ಮೇಲೆ ಬಾಯಿಬಿಟ್ಟರು.

“ಕೊಡ್ತೀನಿ ಟೀಚರ್. ಆದ್ರೆ ಗಲಾಟೆ ಆಗಬಾರದು. ನಾನು ಹೇಳದೆ ಬಂದು ನೋಡ್ತೀನಿ. ತಪಾಸಣೆಗೆ ಮೇಲಧಿಕಾರಿ ಬಂದು ಹೋಗೋವರೆಗೆ ನಿಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡಿದ್ರೆ ಕೋಣೆ ನಿಮ್ಮದೇ. ಇಲ್ಲ ಅಂದ್ರೆ ಬೆಂಚು ಒಳಗೆ, ನೀವು ಹೊರಗೆ.”

ಬೆಂಚುಗಳನ್ನು ತಂದು ಪಡಸಾಲೆಯ ಗೋಡೆಗೆ ಸಾಲಾಗಿ ಒರಗಿಸಲಾಯಿತು. ತಮ್ಮ ಮನೆಗೆ ಬಂದು ಸೇರಿಕೊಂಡ ಬಾಡಿಗೆಯವರನ್ನು ನೋಡುವಂತೆ ಅವು ಅಲ್ಲಿಂದ ಆ ಕೋಣೆಯನ್ನೇ ನೋಡುತ್ತಿದ್ದವು.

ಷರತ್ತು ಕೇಳುವುದಕ್ಕೆ ಸುಲಭ. ಆದರೆ ತನ್ನ ಕೈಯಲ್ಲೇ ಬಲ್ಬು ಹತ್ತಿದಾಗ ಬಾಯಿ ಮುಚ್ಚಿಕೊಂಡಿರುವ ಮಗು ಇನ್ನೂ ಹುಟ್ಟಿಲ್ಲ. ಟೀಚರು ಜೋಡಿಗೆ ಎರಡು ಸೆಲ್ಲು, ಒಂದು ಬಲ್ಬು, ಒಂದು ತುಂಡು ವೈರು ಕೊಟ್ಟು ಏನೂ ಹೇಳದೆ ಕೈಕಟ್ಟಿ ನಿಂತಳು. ಮೊದಲು ಬರೀ ಗೊಣಗಾಟ. ಆಮೇಲೆ ಮೂಲೆಯಲ್ಲೊಂದು ಬೆಳಕಿನ ಮೊಗ್ಗು, ಒಂದು ಕಿರುಚಾಟ. ಅದರ ಹಿಂದೆಯೇ ಇನ್ನೊಂದು. ಬೆಳಕು ಜಾಣತನವನ್ನು ಹುಡುಕಿ ಬರುವುದಿಲ್ಲ, ತಾಳ್ಮೆಯನ್ನು ಹುಡುಕಿ ಬರುತ್ತದೆ. ಆದರೆ ಬಂದ ಮೇಲೆ ಆ ತಾಳ್ಮೆಯನ್ನೇ ಮೊದಲು ಓಡಿಸಿಬಿಡುತ್ತದೆ. ಹತ್ತದವರು ಅಳುಮೋರೆ ಹಾಕಿದರೆ ಅವಳು ತಪ್ಪು ಎನ್ನುತ್ತಿರಲಿಲ್ಲ. “ಎಲ್ಲಿ ಕಡಿದಿದೆ, ಹುಡುಕು,” ಎನ್ನುವಳು. ಅದೊಂದೇ ಅವಳ ಮಂತ್ರ. ವೈರಿನ ತುದಿಯ ಸಿಪ್ಪೆ ಕೆರೆದಿದೆಯೇ, ಬಲ್ಬು ಹೋಲ್ಡರಿನಲ್ಲಿ ಪೂರ್ತಿ ಕೂತಿದೆಯೇ, ಸೆಲ್ಲುಗಳು ಒಂದಕ್ಕೊಂದು ಮುನಿಸಿಕೊಂಡು ತಲೆಗೆ ತಲೆ ಹಚ್ಚಿವೆಯೇ? ಬೆರಳಿಟ್ಟು ದಾರಿಯುದ್ದಕ್ಕೂ ಹೋದರೆ ಕಡಿದ ಜಾಗ ಸಿಕ್ಕೇ ಸಿಗಬೇಕು.

“ಕರೆಂಟು ಹೇಳದೆ ಕೇಳದೆ ಮನೆ ಬಿಟ್ಟು ಹೋಗೋ ಮಗ ಅಲ್ಲ,” ಎಂದು ಅವಳು ಹೇಳಿಕೊಟ್ಟಿದ್ದಳು. “ವಾಪಸ್ ಬರೋಕೆ ದಾರಿ ಇದ್ರೇನೇ ಅದು ಮನೆಯಿಂದ ಹೊರಡೋದು.”

ಮಂತ್ರ ಕೋಣೆಯಿಂದ ಆಚೆಗೂ ಹಬ್ಬಿತು. ಆಟದ ಬಯಲಿನಲ್ಲಿ ಬಿದ್ದು ಅಳುವವನ ಬಳಿ ಕೂತು ಗೆಳೆಯರು “ಎಲ್ಲಿ ಕಡಿದಿದೆ, ಹುಡುಕು” ಎಂದು ಗಂಭೀರವಾಗಿ ಹೇಳುತ್ತಿದ್ದರು.

ಮೊದಲನೆಯ ವಾರವೇ ಹೆಡ್‌ಮಾಸ್ಟರರು ಹೇಳದೆ ಬಂದರು. ಬಾಗಿಲಲ್ಲಿ ನಿಂತದ್ದನ್ನು ಯಾರೂ ನೋಡಲಿಲ್ಲ, ಕೆಮ್ಮಿದ್ದನ್ನು ಯಾರೂ ಕೇಳಲಿಲ್ಲ. ಕೊಡೆಯಿಂದ ಬಾಗಿಲನ್ನು ಬಡಿದ ಮೇಲೆ ಸದ್ದು ಅಡಗಿತು. ಹೊಸತಲ್ಲವೇ ಎಂದು ಈ ಸಲ ಬಿಟ್ಟಿದ್ದೇನೆ, ಇನ್ನು ಮೇಲೆ ಬಿಡುವುದಿಲ್ಲ ಎಂದು ಹೇಳಿ ಹೋದರು. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಟೀಚರು ಒಬ್ಬಳೇ ಆ ಕೋಣೆಯ ಗೋಡೆಗೆ ಅಂಗೈಯಿಟ್ಟು ನಿಂತಿದ್ದಳು. ಊರು ಬಿಡುವವರು ಮನೆಯ ಗೋಡೆಗೆ ಹಾಗೆ ಕೈಯಿಡುತ್ತಾರೆ. ಮರೆತ ಚೀಲಕ್ಕಾಗಿ ವಾಪಸ್ಸು ಬಂದ ಒಬ್ಬ ಹುಡುಗಿ ಅದನ್ನು ಬಾಗಿಲ ಸಂದಿಯಿಂದ ನೋಡಿ, ಚೀಲ ತೆಗೆದುಕೊಳ್ಳದೆಯೇ ಹೋದಳು.

ಈ ಹುಡುಗಿಗೆ ಗಿರಗಿಟ್ಲೆ ಎಂದು ಹೆಸರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಅವಳು ಪ್ರಶ್ನೆ ಕೇಳಿ ಮುಗಿಸುವುದರೊಳಗೆ ಉತ್ತರ ಕೇಳಬೇಕಾದ ಜಾಗ ಬಿಟ್ಟು ಇನ್ನೆಲ್ಲೋ ಇರುತ್ತಿದ್ದಳು. ಅವಳ ಜೋಡಿಗೆ ಟೀಚರು ಬೇಕೆಂದೇ ಕೂರಿಸಿದ್ದವನು ಗುಡಾಣ. ಅವನು ಕೂತನೆಂದರೆ ಕೂತ. ಮಾತೂ ಕಡಿಮೆ, ಸುಳ್ಳಂತೂ ಇಲ್ಲವೇ ಇಲ್ಲ. ಸುಳ್ಳಿಗೆ ಬೇಕಾಗುವ ಓಡಾಟ ಅವನಿಗೆ ಒಗ್ಗುತ್ತಿರಲಿಲ್ಲ.

ಮರುವಾರ ಒತ್ತುಸ್ವಿಚ್ಚಿನ ಪಾಠ. ಎರಡು ರಟ್ಟಿನ ತುಂಡುಗಳಿಗೆ ಊಟ ಸುತ್ತುವ ಬೆಳ್ಳಿಹಾಳೆ ಅಂಟಿಸಬೇಕು. ನಡುವೆ ತೂತುಗಳಿರುವ ಸ್ಪಂಜಿನ ಹಾಳೆ ಇಡಬೇಕು. ಒತ್ತಿದರೆ ತೂತಿನೊಳಗಿಂದ ಬೆಳ್ಳಿಗೆ ಬೆಳ್ಳಿ ಮುಟ್ಟಿ ಬಲ್ಬು ಹತ್ತುತ್ತದೆ, ಬಿಟ್ಟರೆ ಸ್ಪಂಜು ಅವನ್ನು ಬಿಡಿಸುತ್ತದೆ.

“ಮಿಸ್, ಇದನ್ನ ಕಾಲಲ್ಲಿ ಒತ್ತಿದ್ರೂ ಹತ್ತುತ್ತಾ?” ಎಂದು ಗಿರಗಿಟ್ಲೆ ಕೇಳಿದಳು.

“ಹತ್ತುತ್ತೆ.”

“ದೊಡ್ಡವರ ಕಾಲಾದ್ರೆ?”

“ಇನ್ನೂ ಚೆನ್ನಾಗಿ ಹತ್ತುತ್ತೆ.”

“ತುಳಿದೋರಿಗೆ ಗೊತ್ತೇ ಇಲ್ಲದಿದ್ರೆ?”

ಇದೂ ವಿಜ್ಞಾನದ ಪ್ರಶ್ನೆಯೇ ಎಂದು ಟೀಚರು ನಂಬಿದಳು. “ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಅಂತ ಕರೆಂಟು ಕೇಳೋದಿಲ್ಲಮ್ಮ,” ಎಂದಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಹಳೆಯ ಚಿಂತೆ. ಇಲಿಗಳಿಗೆ ವಿಜ್ಞಾನದ ಟೀಚರಿರಲಿಲ್ಲ. ಹೆಡ್‌ಮಾಸ್ಟರರ ಬಾಗಿಲ ಮುಂದಿನ ಕಾಲೊರಸನ್ನು ದಿನವೂ ಕೊಡವಿ ಹಾಸುವುದು ಆಯಮ್ಮನ ಕೆಲಸ. ಒಂದು ಬೆಳಿಗ್ಗೆ ಗಿರಗಿಟ್ಲೆ, ಪಾಪ ನಿಮಗೆ ಸೊಂಟನೋವು, ನಾನು ಹಾಸುತ್ತೇನೆ ಎಂದು ಮುಂದೆ ಬಂದಳು. ತನಗೆ ಸೊಂಟನೋವಿದೆಯೆಂದು ಆಯಮ್ಮನಿಗೆ ತಿಳಿದದ್ದೇ ಆಗ. ಆದರೂ ಬಂದ ಪುಣ್ಯವನ್ನು ಬೇಡವೆನ್ನಲಿಲ್ಲ. ಕಾಲೊರಸಿನ ಕೆಳಗೆ ಬೆಳ್ಳಿಯ ರಟ್ಟು ಸೇರಿತು. ಗಂಟೆಯ ಹಳೆಯ ವೈರು ಹೂಕುಂಡಗಳ ಹಿಂದೆ, ಗೋಡೆಯ ಬುಡದಲ್ಲಿ ಹರಿದು, ಒರಗಿಸಿಟ್ಟ ಮುರುಕು ಬೆಂಚುಗಳ ನೆರಳಲ್ಲೇ ಕತ್ತಲೆ ಕೋಣೆಯನ್ನು ಹೊಕ್ಕಿತು. ಅದರ ತುದಿಗೆ ಸೆಲ್ಲು ಜೋಡಿಸಿ, ಬಲ್ಬನ್ನು ಗುಡಾಣ ಭೂಗೋಳದ ತೂತಿನೊಳಗೆ ಇಳಿಬಿಟ್ಟ.

ಅಂದಿನಿಂದ ಹೆಡ್‌ಮಾಸ್ಟರರು ಕೋಣೆಯಿಂದ ಹೊರಗೆ ಕಾಲಿಟ್ಟರೆ ಪಡಸಾಲೆಯ ಆ ತುದಿಯಲ್ಲಿ ಭೂಮಿ ಒಳಗಿನಿಂದ ಬೆಳಗುತ್ತಿತ್ತು. ಕ್ಷಣಕಾಲ ಸಾಗರಗಳು ತಿಳಿನೀಲಿಯಾಗಿ, ಹೆಸರಿಲ್ಲದ ದ್ವೀಪಗಳೂ ಕಾಣಿಸಿ, ಮತ್ತೆ ಆರುತ್ತಿತ್ತು. ಅಷ್ಟು ಸಾಕು. ಅವರು ಪಡಸಾಲೆಯನ್ನು ದಾಟಿ ಬರುವಷ್ಟರಲ್ಲಿ ಕಿರುಚುತ್ತಿದ್ದ ಬಾಯಿಗಳು ಮುಚ್ಚಿ, ಹಾರುತ್ತಿದ್ದ ಕಾಲುಗಳು ಮಡಿಸಿಕೊಂಡು, ಇಡೀ ತರಗತಿ ಧ್ಯಾನಕ್ಕೆ ಕೂತಂತೆ ಕಾಣುತ್ತಿತ್ತು.

ಹೆಡ್‌ಮಾಸ್ಟರರು ಬೆರಗಾದರು. ಬೆರಗು ಬಹುಬೇಗ ಹೆಮ್ಮೆಯಾಯಿತು. ತಂಗಿಯ ಮನೆಗೆ ಚಹಾಕ್ಕೆ ಬಂದಾಗ ಕಾಲು ಚಾಚಿ ಕೂತು, ಕೆಲವರು ಬೆತ್ತ ಹಿಡಿದರೂ ಮಕ್ಕಳು ಹೆದರುವುದಿಲ್ಲ, ತನ್ನ ನೆರಳು ಬಿದ್ದರೆ ಸಾಕು, ಸೂಜಿ ಬಿದ್ದರೂ ಕೇಳಿಸುತ್ತದೆ ಎಂದು ಬಣ್ಣಿಸಿದರು. ಮೇಲಧಿಕಾರಿಗೂ ಫೋನಿನಲ್ಲಿ ಇದನ್ನೇ ಹೇಳಿದ್ದಾರಂತೆ. ತಂಗಿ ಹೌದೇ ಎಂದು ಕಣ್ಣರಳಿಸಿದಳು. ತಂಗಿಯ ಮಗಳಿಗೆ ಮಾತ್ರ ಚಹಾ ನೆತ್ತಿಗೇರಿ ಕೆಮ್ಮು ಬಂತು.

ಏಕೆಂದರೆ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ತಾನು ಗದರಿದರೆ ನಿಲ್ಲದ ಗದ್ದಲ ಹೇಗೆ ತಾನಾಗಿಯೇ ನಿಲ್ಲುತ್ತದೆ, ನಿಂತ ಸ್ವಲ್ಪ ಹೊತ್ತಿಗೆ ಕೊಡೆಯ ಸದ್ದು ಹೇಗೆ ಕೇಳಿಸುತ್ತದೆ ಎಂದು ಅವಳು ತನ್ನ ಮಂತ್ರದಂತೆ ಬೆರಳಿಟ್ಟು ಹುಡುಕಿದ್ದಳು. ಭೂಗೋಳ ಸಿಕ್ಕಿತು, ವೈರು ಸಿಕ್ಕಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಹೋಗಲಿಲ್ಲ; ಕೆಲವು ದಾರಿಗಳನ್ನು ಕೊನೆಯವರೆಗೆ ಹಿಡಿದು ಹೋಗದಿರುವುದೇ ಲೇಸು. ಮಾರನೆಯ ದಿನ ತರಗತಿಯಲ್ಲಿ ಯಾರನ್ನೂ ನೋಡದೆ ಹೇಳಿದಳು:

“ನನಗೇನೂ ಗೊತ್ತಿಲ್ಲ. ಆದ್ರೆ ಜೋಡಣೆಗೆ ಕರಿ ಟೇಪು ಸುತ್ತದೆ ಬಿಟ್ಟೋರು ಯಾರೇ ಆಗಲಿ, ಅದು ನನ್ನ ಮಕ್ಕಳು ಮಾಡೋ ಕೆಲಸ ಅಲ್ಲ.”

ಮಧ್ಯಾಹ್ನದೊಳಗೆ ಎಲ್ಲ ಜೋಡಣೆಗೂ ಟೇಪು ಬಿದ್ದಿತ್ತು.

ಹೆಡ್‌ಮಾಸ್ಟರರ ಕೋಣೆಗೆ ಇನ್ನೊಂದು ಬಾಗಿಲಿದೆ. ಮೇಜಿನ ಹಿಂದೆ, ಅಂಗಳಕ್ಕೆ ತೆರೆಯುವಂಥದು. ಅದನ್ನು ಅವರು ತೆರೆಯುವುದು ಅಪರೂಪ. ಮೇಲಧಿಕಾರಿ ಬರುವ ಹಿಂದಿನ ದಿನ ನಲ್ಲಿಯ ನೀರು ಸೋರುತ್ತಿದೆಯೇ ಎಂದು ನೋಡಲು ಅದರಿಂದ ಹೊರಬಿದ್ದು, ಅಂಗಳವನ್ನು ಸುತ್ತಿ, ಪಡಸಾಲೆಯ ಆಚೆಯ ತುದಿಯಿಂದ ಬಂದರು. ಭೂಗೋಳ ಕತ್ತಲಾಗಿಯೇ ಇತ್ತು. ಗುಡಾಣ ಎಂದೂ ಏಳದವನು ಅವತ್ತು ಮೇಜಿನ ಮೇಲೇರಿ ನಿಂತು, ಎರಡು ಕೈಯಲ್ಲೂ ಬಲ್ಬು ಹಿಡಿದು ದೀಪದ ಕಂಬವಾಗಿದ್ದ. ಉಳಿದವರು ಅವನ ಸುತ್ತ ಕುಣಿಯುತ್ತಿದ್ದರು. ಟೀಚರು ತಾಳ ಹಾಕುತ್ತಿದ್ದಳು.

ಆ ಕ್ಷಣವೇ ಬೆಂಚುಗಳು ಒಳಗೆ ಬರಬೇಕಿತ್ತು. ಹೆಡ್‌ಮಾಸ್ಟರರ ಪ್ರತಿಷ್ಠೆಯೇ ಅವನ್ನು ತಡೆಯಿತು. ನೆರಳಿನ ಮಹಿಮೆಯನ್ನು ಮೇಲಿನವರಿಗೂ ಹೇಳಿಯಾಗಿದೆ. ಈಗ ಹಿಂದೆ ತೆಗೆದುಕೊಳ್ಳುವುದು ಹೇಗೆ? ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನನ್ನ ನೆರಳು ಇವತ್ತು ಹಿಂದೆ ಬಿದ್ದಿತ್ತು, ಮಕ್ಕಳು ಕಾಣಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಟೀಚರ ಕಡೆ ತಿರುಗಿದರು.

“ನಾಳೆ ಮೇಡಂ ಬರ್ತಾರೆ. ಅವರ ಮುಂದೆ ಹೀಗಾದ್ರೆ ನೀವು ನನ್ನ ತಂಗಿ ಮಗಳು ಅನ್ನೋದನ್ನೂ ನಾನು ಮರೀತೀನಿ.”

ಶಾಲೆಯೊಳಗೆ ಅವರು ಆ ಸಂಬಂಧವನ್ನು ಎತ್ತಿದ್ದು ಅದೇ ಮೊದಲು, ಅದೂ ಮರೆಯುವುದಾಗಿ ಹೇಳಲು. ಅವಳ ಮುಖ ಸಣ್ಣದಾದದ್ದನ್ನು ಗಿರಗಿಟ್ಲೆ ಕಂಡಳು.

ಹಿಂದಿನ ಬಾಗಿಲ ಒಳಗೂ ಒಂದು ಕಾಲೊರಸಿತ್ತು. ಮರುದಿನ ಬೆಳಿಗ್ಗೆ, ಹೆಡ್‌ಮಾಸ್ಟರರು ಬರುವುದಕ್ಕೆ ಮುಂಚೆ, ಆಯಮ್ಮ ಕೋಣೆ ಗುಡಿಸುತ್ತಿರುವಾಗ, ಅದರ ಕೆಳಗೂ ರಟ್ಟು ಸೇರಿತು. ಹೊತ್ತು ಕಡಿಮೆಯಿತ್ತು. ಮೊದಲಿನ ವೈರನ್ನು ಒಂದು ಕಡೆ ಕತ್ತರಿಸಿ, ಕತ್ತರಿಸಿದ ಎರಡು ತುದಿಗಳಿಗೆ ಈ ಎರಡನೆಯದನ್ನು ಸೇರಿಸಿ, ಈ ಸಲ ಮರೆಯದೆ ಟೇಪು ಸುತ್ತಿದರು. ಪರೀಕ್ಷೆಯೂ ಆಯಿತು. ಗಿರಗಿಟ್ಲೆ ಮುಂದಿನ ಕಾಲೊರಸಿನ ಮೇಲೆ ನಿಂತಳು, ಗುಡಾಣ ಹಿಂದಿನದರ ಮೇಲೆ ನಿಂತ. ಪಡಸಾಲೆಯ ಆ ತುದಿಯಲ್ಲಿ ಕಾವಲಿಗೆ ನಿಲ್ಲಿಸಿದ್ದ ಇನ್ನೊಬ್ಬ ಹುಡುಗಿ ಹತ್ತಿತೆಂದು ಕೈಬೀಸಿದಳು. ಇಬ್ಬರೂ ಒಟ್ಟಿಗೆ ಇಳಿದು ಓಡಿದರು. ಒಬ್ಬರೇ ನಿಂತು ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಜೋಡಿಯಾಗಿಯೇ ಎಲ್ಲವನ್ನೂ ಮಾಡಿ ರೂಢಿಯಾದವರಿಗೆ ಒಂಟಿಯಾಗಿ ನಿಲ್ಲುವ ಯೋಚನೆ ಬರುವುದು ಕಷ್ಟ. ಎರಡು ಸ್ವಿಚ್ಚುಗಳ ಪಾಠವನ್ನು ಟೀಚರು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದಳು.

ಮೇಲಧಿಕಾರಿ ನರೆಗೂದಲಿನ ಹೆಂಗಸು. ಬಟ್ಟೆಯ ಶೂ ಹಾಕಿಕೊಂಡು ಸದ್ದಿಲ್ಲದೆ ನಡೆಯುವವರು, ಮಾತೂ ಹಾಗೆಯೇ. ಹೆಡ್‌ಮಾಸ್ಟರರು ಅವರನ್ನು ಮುಂದಿನ ಬಾಗಿಲಿನಿಂದಲೇ ಕರೆತಂದರು. ಕಾಲೊರಸನ್ನು ಇಬ್ಬರೂ ಒಬ್ಬರ ಹಿಂದೊಬ್ಬರು ತುಳಿದರು. ಹಿಂದಿನ ಬಾಗಿಲ ಕಾಲೊರಸಿನ ಮೇಲೆ ಯಾರೂ ಇರಲಿಲ್ಲ. ಭೂಮಿ ಕತ್ತಲಾಗಿಯೇ ಉಳಿಯಿತು.

ಆ ಕತ್ತಲೆಯನ್ನು ನಂಬಿ ತರಗತಿ ಅಂದು ಹಿಂದೆಂದೂ ಇಲ್ಲದಷ್ಟು ಗದ್ದಲ ಮಾಡುತ್ತಿತ್ತು. ಭೂಗೋಳ ಹತ್ತಿದಾಗ ಮೌನವಾಗಿರುವುದು ಹೇಗಿದ್ದರೂ ಇದೆ, ಅದಕ್ಕೆ ಮುಂಚೆಯೇ ಸಾಧ್ಯವಾದಷ್ಟು ಕೂಗಿಬಿಡೋಣ ಎಂದು ಎಲ್ಲರೂ ಲೆಕ್ಕ ಹಾಕಿದಂತಿತ್ತು. ಬಾಗಿಲಲ್ಲಿ ಕೊಡೆ ಕಾಣಿಸಿತು. ಪಕ್ಕದಲ್ಲಿ ಬಟ್ಟೆಯ ಶೂಗಳು ಕಾಣಿಸಿದವು. ಸದ್ದು ಅರ್ಧದಲ್ಲೇ ಮುರಿದುಬಿತ್ತು. ಆಗ ಆ ಮಕ್ಕಳು ಹೆಡ್‌ಮಾಸ್ಟರರನ್ನು ನೋಡಲಿಲ್ಲ, ಮೇಲಧಿಕಾರಿಯನ್ನೂ ನೋಡಲಿಲ್ಲ. ಎಲ್ಲ ತಲೆಗಳೂ ಒಟ್ಟಿಗೆ ತಿರುಗಿ, ಕೈಕೊಟ್ಟ ಗೆಳೆಯನನ್ನು ನೋಡುವಂತೆ, ಮೂಲೆಯ ಭೂಗೋಳವನ್ನು ನೋಡಿದವು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವುದಕ್ಕೆ ಮುಂಚೆಯೇ ಹೆಗಲು ಮುಟ್ಟಿಕೊಂಡ ಹಾಗಾಯಿತು.

ಹೆಡ್‌ಮಾಸ್ಟರರು ಪಡಸಾಲೆಯ ಬೆಂಚುಗಳ ಕಡೆಗೆ ಕೊಡೆ ಎತ್ತಿದರು. “ಆಯಮ್ಮಾ,” ಎಂದು ಕರೆಯುವಷ್ಟರಲ್ಲಿ ಮೇಲಧಿಕಾರಿ ತಡೆದರು.

“ಎಲ್ಲರೂ ಅದನ್ನೇ ಯಾಕಮ್ಮ ನೋಡ್ತೀರಿ?” ಎಂದು ಅವರು ತಮ್ಮ ಸಮೀಪ ನಿಂತವಳನ್ನು ಕೇಳಿದರು. ನಿಂತವಳು ಗಿರಗಿಟ್ಲೆಯೇ ಆಗಿದ್ದಳು. ಸಿಕ್ಕಿಬಿದ್ದ ಅವಮಾನ ಅವಳ ಮುಖದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಕೆಲಸ ಕೆಟ್ಟವರ ದುಃಖ.

“ಇದು ಹತ್ತಬೇಕಿತ್ತು ಮೇಡಂ. ಬೆಳಿಗ್ಗೆ ಹತ್ತಿತ್ತು.”

“ಎಲ್ಲಿ ಕಡಿದಿದೆ, ಹುಡುಕು,” ಎಂದಳು ಟೀಚರು. ಅವಳು ಹೇಳಬೇಕೆಂದು ಹೇಳಿದ್ದಲ್ಲ. ಇಷ್ಟು ದಿನಗಳ ರೂಢಿಯಿಂದ ಮಾತು ತಾನಾಗಿ ನಾಲಿಗೆಯಿಂದ ಜಾರಿತ್ತು. ಜಾರಿದ ಮೇಲೆ ಅವಳು ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಗಿರಗಿಟ್ಲೆ ವೈರಿನ ಮೇಲೆ ಬೆರಳಿಟ್ಟು ಹೊರಟಾಗಿತ್ತು.

ಮೆರವಣಿಗೆಯಂತೆ ಎಲ್ಲರೂ ಅವಳ ಹಿಂದೆ ಹೊರಟರು. ಮುರುಕು ಬೆಂಚುಗಳ ಕೆಳಗೆ, ಹೂಕುಂಡಗಳ ಹಿಂದೆ, ಗೋಡೆಯ ಬುಡದಲ್ಲಿ ಬೆರಳು ಸಾಗಿತು. ಅದು ಎತ್ತ ಹೋಗುತ್ತಿದೆ ಎಂಬುದು ಒಂದೊಂದು ಕುಂಡ ದಾಟಿದಂತೆಯೂ ಹೆಡ್‌ಮಾಸ್ಟರರ ಮುಖದಲ್ಲಿ ಅಷ್ಟಷ್ಟೇ ಸ್ಪಷ್ಟವಾಗುತ್ತ ಬಂತು. ಕೊನೆಗೆ ಬೆರಳು ಅವರದೇ ಬಾಗಿಲ ಮುಂದೆ ನಿಂತಿತು. ಗುಡಾಣ ಕಾಲೊರಸನ್ನು ಎತ್ತಿದ. ಕೆಳಗೆ ಬೆಳ್ಳಿ ಮಿನುಗಿತು.

ಮೇಲಧಿಕಾರಿ ಬಗ್ಗಿ ನೋಡಿ, ಕಾಲೊರಸನ್ನು ತಾವೇ ಮೊದಲಿನಂತೆ ಹಾಸಿ, ಅದರ ಮೇಲೆ ಹತ್ತಿ ನಿಂತರು. ಆ ತುದಿಗೆ ಓಡಿದ್ದ ಕಾವಲಿನ ಹುಡುಗಿ, ಹತ್ತಲಿಲ್ಲ ಎಂದು ಕೂಗಿದಳು. ಅವರು ಇಳಿಯದೆ ಅಲ್ಲೇ ನಿಂತು ಯೋಚಿಸತೊಡಗಿದರು. ಹೆಡ್‌ಮಾಸ್ಟರರಿಗೆ ಆ ಹೊತ್ತಿಗೆ ಒಂದೇ ಯೋಚನೆ: ತಮ್ಮ ಬಾಗಿಲಿಗೆ ಕರೆಂಟು ಬಂದಿದೆ. ಮೇಲಧಿಕಾರಿಯ ಪಕ್ಕದಿಂದ ಕೋಣೆಯೊಳಗೆ ನುಸುಳಿ, ಕೊಡೆಯನ್ನು ಎದೆಗೆ ಅಡ್ಡವಾಗಿ ಹಿಡಿದು, ಆ ವೈರಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಹಿಮ್ಮುಖವಾಗಿ ಸರಿಯುತ್ತ, ಮೇಜನ್ನು ಬಳಸಿ, ಹಿಂದಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತರು.

“ಹತ್ತಿತು!” ಎಂಬ ಕೂಗು ಆ ತುದಿಯಿಂದ ಬಂತು.

ಏನಾಯಿತೆಂದು ನೋಡಲು ಅವರು ಒಂದು ಹೆಜ್ಜೆ ಮುಂದೆ ಬಂದರು. ಆರಿತಂತೆ. ಹೆದರಿ ಹಿಂದೆ ಸರಿದರು. ಹತ್ತಿತಂತೆ. ಗಿರಗಿಟ್ಲೆ ಮೇಜಿನ ಈಚೆಯಿಂದ ಅವರ ಪಾದಗಳನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಅಲ್ಲಾಡದೆ ನಿಂತಿದ್ದಳು.

“ಸರ್ ಒಬ್ಬರೇ ತುಳಿದ್ರೆ ಸಾಲದು, ಮೇಡಂ ಒಬ್ಬರೇ ತುಳಿದ್ರೂ ಸಾಲದು,” ಎಂದಳು ನಿಧಾನವಾಗಿ. “ಮಿಸ್, ನಾವು ಒಂದರ ಹಿಂದೆ ಒಂದು ಕಟ್ಟಿಬಿಟ್ಟಿದ್ದೀವಿ. ಇಬ್ಬರೂ ಹೂಂ ಅಂದ್ರೆ ಮಾತ್ರ ಹತ್ತುತ್ತೆ. ಯಾರೊಬ್ಬರು ಹೂಂ ಅಂದ್ರೂ ಸಾಕು ಅನ್ನೋ ಹಾಗೆ ಕಟ್ಟಬೇಕಿತ್ತು.”

ಮುಂದಿನ ವಾರದ ಪಾಠ ಹೀಗೆ ಈ ವಾರವೇ ಮುಗಿಯಿತು.

ಹೆಡ್‌ಮಾಸ್ಟರರು ತಮ್ಮ ಕಾಲಕೆಳಗೆ ನೋಡಿದರು. “ಹಾಗಾದ್ರೆ ಇಷ್ಟು ದಿನ ನಾನು ಇದನ್ನೇ ತುಳೀತಾ ಇದ್ದೆನಾ?”

“ಮುಂದಿನ ಬಾಗಿಲದ್ದನ್ನ ಸರ್,” ಎಂದ ಗುಡಾಣ, ಸತ್ಯಕ್ಕೆ ಲೋಪ ಬರದಂತೆ. “ದಿನಾಲೂ. ಕೆಲವು ದಿನ ಎರಡೆರಡು ಸಲ.”

“ನನಗೇನೂ ಆಗಲಿಲ್ಲ.”

ಕೊಡೆ ಅವರ ಎದೆಯಿಂದ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಎರಡನೆಯ ವಿಷಯ ಹೊಳೆದು ಅವರ ಮುಖ ಬಾಡಿತು. “ಅಂದ್ರೆ ಮಕ್ಕಳು ಸುಮ್ಮನಾಗ್ತಿದ್ದದ್ದು ನನ್ನ ನೆರಳಿಗಲ್ಲ.”

“ನಿಮ್ಮ ತೂಕಕ್ಕೆ, ಸರ್,” ಎಂದಳು ಟೀಚರು.

ಮೇಲಧಿಕಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಅಡಗಿದ ಮೇಲೆ, ಶಾಲೆ ನಿಮ್ಮದು, ಷರತ್ತು ನಿಮ್ಮದು, ಕೋಣೆಯ ವಿಷಯವನ್ನು ನೀವೇ ತೀರ್ಮಾನಿಸಬೇಕು ಎಂದು ಹೆಡ್‌ಮಾಸ್ಟರರಿಗೆ ಹೇಳಿದರು.

ಪಡಸಾಲೆಯಲ್ಲಿ ಬೆಂಚುಗಳು ಕಾದು ನಿಂತಿದ್ದವು. ಹೆಡ್‌ಮಾಸ್ಟರರು ಅವನ್ನು ನೋಡಿದರು, ತಂಗಿಯ ಮಗಳನ್ನು ನೋಡಿದರು. ಅವಳು ಅವರ ಕಣ್ಣು ತಪ್ಪಿಸಿ ಬಾಗಿಲವಾಡದ ಮೇಲೆ ಅಂಗೈಯಿಟ್ಟು ನಿಂತಿದ್ದಳು.

“ಗಲಾಟೆ ಆಗಬಾರದು ಅಂದಿದ್ದೆ. ಆಯಿತು,” ಎಂದರು. “ಬೆಂಚು ಒಳಗೆ ಹೋಗಬೇಕು, ಅದು ಮಾತು. ಆದ್ರೆ ಕೆಟ್ಟದ್ದನ್ನ ಕೆಟ್ಟ ಹಾಗೇ ಬಿಟ್ಟು ಹೋಗೋದು ಈ ಶಾಲೆಯ ಪದ್ಧತಿ ಅಲ್ಲ. ಮೊದಲು ಇದನ್ನ ಸರಿ ಮಾಡಿ.”

ಗಿರಗಿಟ್ಲೆ ನೆಲದ ಮೇಲೆ ಕೂತಳು. ಎರಡು ಕಾಲೊರಸಿಗೂ ಬೇರೆ ಬೇರೆ ದಾರಿ ಮಾಡಬೇಕು. ಹೋಗುವ ದಾರಿ, ಬರುವ ದಾರಿ. ಗುಡಾಣ ತುದಿಗಳನ್ನು ಕೆರೆದುಕೊಟ್ಟ. ಮೇಲಧಿಕಾರಿ ಟೇಪನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿಕೊಟ್ಟರು. ಎಲ್ಲ ಮುಗಿದಾಗ ಇನ್ನು ಒಬ್ಬರೇ ತುಳಿದು ನೋಡಬೇಕೆಂಬ ಮಾತು ಬಂತು. ಮಕ್ಕಳು ತಮ್ಮೊಳಗೆ ಯಾರೆಂದು ನೂಕಾಡುತ್ತಿರುವಾಗ ಹೆಡ್‌ಮಾಸ್ಟರರು ಕೊಡೆಯನ್ನು ಮೇಜಿನ ಮೇಲೆ ಇಟ್ಟರು. ಬಾಗಿಲಿಗೆ ಬಂದರು. ತಣ್ಣೀರಿಗೆ ಕಾಲಿಡುವವರಂತೆ ಮೊದಲು ಹೆಬ್ಬೆರಳ ತುದಿ, ಆಮೇಲೆ ಪಾದ.

“ಹತ್ತಿತು ಸರ್!”

ಅವರು ಕಾಲು ತೆಗೆದರು. ಆರಿತು ಎಂದಿತು ಪಡಸಾಲೆ. ಅವರ ಹುಬ್ಬು ಮೇಲೇರಿತು.

“ಇನ್ನೊಂದು ಸಲ ನೋಡೋಣ,” ಎಂದರು.

ಇನ್ನೊಂದು ಸಲ ನೋಡಿದರು. ಮತ್ತೂ ಒಂದು ಸಲ ನೋಡಿದರು. ಮೇಲಧಿಕಾರಿ ಗಡಿಯಾರ ನೋಡಿಕೊಂಡು, ತಮಗೆ ಇನ್ನೊಂದು ಶಾಲೆಗೆ ಹೋಗಬೇಕಾಗಿದೆಯೆಂದು ನೆನಪಿಸಿದಾಗಲೇ ಅವರು ಕಾಲೊರಸಿನಿಂದ ಇಳಿದದ್ದು. ಗೇಟಿನವರೆಗೆ ಬೀಳ್ಕೊಟ್ಟು ಬರುತ್ತ, ಪಡಸಾಲೆಯಲ್ಲಿ ನಿಂತಿದ್ದ ಆಯಮ್ಮನಿಗೆ ಹೋಗುಹೋಗುತ್ತಲೇ ಹೇಳಿದರು:

“ಆ ಬೆಂಚುಗಳಿಗೆ ಬೇರೆ ಎಲ್ಲಾದರೂ ಜಾಗ ನೋಡಿ. ದಾರಿಗೆ ಅಡ್ಡ.”

ಇದಾಗಿ ಕೆಲವು ದಿನ ಕಳೆದಿರಬೇಕು. ಕತ್ತಲೆ ಕೋಣೆಯಲ್ಲಿ ಪಾಠ ನಡೆದಿತ್ತು, ಅಂದರೆ ಗದ್ದಲ ನಡೆದಿತ್ತು. ಭೂಗೋಳ ಬೆಳಗಿತು. ಎಲ್ಲರೂ ಸುಮ್ಮನಾದರು. ಆರಿತು, ಯಾರೂ ಬರಲಿಲ್ಲ. ಗದ್ದಲ ಮತ್ತೆ ಎದ್ದಿತು. ಭೂಗೋಳ ಮತ್ತೆ ಬೆಳಗಿತು, ಮೌನ, ಆರಿತು, ಗದ್ದಲ. ಸಾಗರಗಳು ಮೂಡಿ ಮುಳುಗಿದಂತೆಲ್ಲ ಮಕ್ಕಳ ಸದ್ದು ಬಾಗಿಲು ತೆರೆದಂತೆ ಕೇಳಿಸಿ, ಮುಚ್ಚಿದಂತೆ ನಿಲ್ಲುತ್ತಿತ್ತು. ವೈರೆಲ್ಲೋ ಸಡಿಲವಾಗಿದೆ ಎಂದುಕೊಂಡು ಟೀಚರು ಹೊರಗೆ ಇಣುಕಿದಳು.

ಪಡಸಾಲೆಯ ಆ ತುದಿಯಲ್ಲಿ, ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ, ಹೆಡ್‌ಮಾಸ್ಟರರು ತಮ್ಮ ಬಾಗಿಲ ಮುಂದೆ ಒಂಟಿಗಾಲಲ್ಲಿ ನಿಂತಿದ್ದರು. ಕಂಕುಳಲ್ಲಿ ಕೊಡೆ ಇರಲಿಲ್ಲ. ಕಿವಿಯನ್ನು ಕತ್ತಲೆ ಕೋಣೆಯ ಕಡೆಗೆ ವಾಲಿಸಿ ಕಾಲನ್ನು ಇಳಿಸುವರು, ಶಾಲೆಯೇ ಉಸಿರು ಹಿಡಿಯುವುದು; ಎತ್ತುವರು, ಕಿರುಚಾಟ ಉಕ್ಕುವುದು. ಇಷ್ಟು ವರ್ಷ ಗದರಿ ಗದರಿ ಸಾಧಿಸಲಾಗದ್ದು ಈಗ ಹೆಬ್ಬೆರಳ ಕೆಳಗಿತ್ತು. ಅವರ ಮುಖದಲ್ಲಿ ನಾಲ್ಕನೆಯ ತರಗತಿಗೂ ಬಾರದ ವಯಸ್ಸಿತ್ತು.

ಟೀಚರು ಬಹಳ ಹೊತ್ತು ಬಾಗಿಲಿಗೆ ಒರಗಿ ನೋಡಿದಳು. ಆಮೇಲೆ, ಗೇಟಿನ ಒಳಗಿದ್ದೇನೆ ಎಂಬುದನ್ನು ಮರೆತೋ ಮರೆಯದೆಯೋ, ಪಡಸಾಲೆಯುದ್ದಕ್ಕೂ ಕೇಳುವ ಹಾಗೆ ಕರೆದಳು:

“ಮಾವ, ಸಾಕು ಬಿಡಿ. ಸೆಲ್ಲು ಮುಗಿದುಹೋಗುತ್ತೆ.”

ಅವರು ಬೆಚ್ಚಿ ಕಾಲೆತ್ತಿದರು. ಕರೆದವಳು ಯಾರು, ಏನೆಂದು ಕರೆದಳು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ, ಅವಳನ್ನೇ ನೋಡುತ್ತ, ಕೊನೆಯದಾಗಿ ಇನ್ನೊಂದು ಸಲ ಒತ್ತಿದರು.